ಹೋಗಿದ್ದೆ, ಬಂದೆ

ನಮ್ಮೂರಿನಲ್ಲಿ ಬಾಗಿಲಿಗೆ ಒಂದು ಮಾತು ಬೀಳುತ್ತದೆ, ಬಾವಿಗೆ ಎರಡು, ಒಲೆಗೆ ಮೂರು. ಕಣಜಕ್ಕೆ ನಾಲ್ಕಾದರೂ ಬೇಕು, ಅದೂ ಬಹುವಚನದಲ್ಲಿ. ದೀಪಕ್ಕೆ ಒಂದೇ ಸಾಕು, ಆದರೆ ಮೆಲ್ಲಗೆ ಹೇಳಬೇಕು. ನನ್ನ ಹಿಟ್ಟಿನ ಗಿರಣಿಗೆ ಮಾತ್ರ ಲೆಕ್ಕವೇ ಇಲ್ಲ. ಬೆಳಿಗ್ಗೆ ಬೆಲ್ಟು ಏರಿಸಿ, "ಏಳಪ್ಪಾ ರಾಜ, ಜನ ಕಾಯ್ತಾವ್ರೆ" ಎಂದರೆ ಒಂದೊಂದು ದಿನ ಅಷ್ಟಕ್ಕೇ ಕಲ್ಲು ತಿರುಗುತ್ತದೆ. ಇನ್ನೊಂದು ದಿನ ಅದರ ಮುತ್ತಜ್ಜಿಯವರೆಗೂ ಹೋಗಿ ಹೊಗಳಿ ಬರಬೇಕು. ಬೇರೆ ಊರುಗಳಲ್ಲಿ ಕೈಯಿಂದ ನೂಕಿದರೆ ಬಾಗಿಲು ತೆರೆಯುತ್ತದಂತೆ. ನಾನು ಕಂಡಿಲ್ಲ. ಹಾಗಿದ್ದರೆ ಅಲ್ಲಿಯ ಜನ ಮನೆಯೊಳಗೆ ಹೋಗುವಾಗ ಏನು ಮಾತಾಡುತ್ತಾರೋ, ಪಾಪ.

ಬರೀ ಮಾತು ಗೊತ್ತಿದ್ದರೆ ಸಾಲದು. ನಮ್ಮಲ್ಲಿ ವಸ್ತುಗಳು ಹೇಳಿದ್ದನ್ನು ಹೇಳಿದ ಹಾಗೇ ನಂಬಿಬಿಡುತ್ತವೆ. ಅಕ್ಕಿ ಡಬ್ಬದ ತಳ ಕಂಡರೆ "ಅಕ್ಕಿ ತುಂಬಿದೆ" ಅನ್ನಬೇಕು. "ಖಾಲಿ" ಅಂದಿರೋ, ಡಬ್ಬ ಅದನ್ನೇ ಹಿಡಿದುಕೊಳ್ಳುತ್ತದೆ. ಆಮೇಲೆ ಒಂದು ಮೂಟೆ ಸುರಿದರೂ ಒಂದು ಕಾಳು ಒಳಗೆ ನಿಲ್ಲುವುದಿಲ್ಲ. ದೀಪವನ್ನು "ಶಾಂತ ಮಾಡು" ಅನ್ನಬೇಕು. "ಆರಿಸು" ಅಂದರೆ ಅದು ಮತ್ತೆ ಹೊತ್ತಿಕೊಳ್ಳುವುದಿಲ್ಲ. ಬಳೆ ಒಡೆದರೆ "ಬಳೆ ಹೆಚ್ಚಾಯ್ತು". ಮನೆಯಿಂದ ಹೊರಡುವಾಗ "ಹೋಗ್ಬತ್ತೀನಿ". ಬರೀ "ಹೋಗ್ತೀನಿ" ಅಂದವರನ್ನು ನಾನು ನನ್ನ ಆಯುಸ್ಸಿನಲ್ಲೇ ಕಂಡಿರಲಿಲ್ಲ. ಇದನ್ನೆಲ್ಲ ನಮ್ಮ ಮಕ್ಕಳಿಗೆ ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ನಡೆಯಲು ಕಲಿಯುವ ಹೊತ್ತಿಗೆ ಬಂದಿರುತ್ತದೆ.

ಇಂಥ ಊರಿನಲ್ಲಿ ನಮ್ಮ ಬೀದಿಯ ಚಿಕ್ಕತಾಯಮ್ಮನೆಂದರೆ ದೊಡ್ಡ ಹೆಸರು. ಮುನಿಸಿಕೊಂಡ ವಸ್ತುಗಳನ್ನು ಒಲಿಸುವುದು ಆಕೆಯ ಕಸುಬು. ಯಾರದೋ ಮನೆಯಲ್ಲಿ ಸೊಸೆ ಸಿಟ್ಟಿನಲ್ಲಿ ಏನೋ ಅಂದು ಒಲೆ ಹೊತ್ತದೆ ಹೋದರೆ ಚಿಕ್ಕತಾಯಮ್ಮನಿಗೆ ಕರೆ ಬರುತ್ತಿತ್ತು. ಹನ್ನೊಂದು ವರ್ಷ ಮುಚ್ಚಳ ಬಿಡದ ಒಂದು ಮರದ ಪೆಟ್ಟಿಗೆಯ ಮುಂದೆ ಆಕೆ ಚಕ್ಕಂಬಕ್ಕಲು ಹಾಕಿ ಕೂತು, ಕುಟ್ಟಾಣಿಯಲ್ಲಿ ಎಲೆಯಡಿಕೆ ಕುಟ್ಟುತ್ತ, ಅರ್ಧ ದಿನ ಅದರ ಜೊತೆ ಕಷ್ಟಸುಖ ಮಾತಾಡಿದ್ದನ್ನು ನಾನೇ ನೋಡಿದ್ದೇನೆ. ಬಿಸಿಲು ಇಳಿಯುವ ಹೊತ್ತಿಗೆ ಪೆಟ್ಟಿಗೆ ತಾನಾಗಿ ಬಾಯಿಬಿಟ್ಟಿತು. "ಏನಿಲ್ಲ ಕಣೇ ಕೆಂಪಾಜಿ, ಅದುಕ್ಕೆ ಯಾರೋ 'ಹಳೇದು' ಅಂದಿದ್ರು" ಎಂದು ಚಿಕ್ಕತಾಯಮ್ಮ ನನಗೆ ಹೇಳಿದಳು.

ಮನೆಯಲ್ಲಿ ಒಬ್ಬಳೇ ಇದ್ದ ಅಂಥವಳಿಗೆ ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಜೊತೆಗೆ ಮಾತೂ ಹೋಯಿತು. ತಲೆ ಮಾತ್ರ ಮೊದಲಿನಂತೆಯೇ ಚುರುಕು. ಆದರೆ ನಮ್ಮೂರಿನಲ್ಲಿ ತಲೆಯನ್ನು ಕೇಳುವ ಬಾಗಿಲು ಯಾವುದೂ ಇಲ್ಲ.

ಮಾತು ಬಿದ್ದುಹೋದವರನ್ನು ಊರಾಚೆಯ ಬಯಲುಚಾವಡಿಗೆ ಸೇರಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಕೆಟ್ಟ ಜಾಗವಲ್ಲ. ಅಲ್ಲಿ ಬಾಗಿಲಿಲ್ಲ, ಬಾವಿಯಿಲ್ಲ. ಕಾಲುವೆ ನೀರು ಕೇಳದೆಯೇ ಹರಿಯುತ್ತದೆ, ಊಟವನ್ನು ಬೀದಿಬೀದಿಯವರು ಸರದಿಯಲ್ಲಿ ಕಳಿಸುತ್ತಾರೆ. ಆದರೆ ಬಾಗಿಲಿಲ್ಲದ ಕಡೆ ನನ್ನ ಮನೆ ಎನ್ನುವುದೂ ಇರುವುದಿಲ್ಲ. ಅಲ್ಲಿಗೆ ಹೋದವರು ಗೋಡೆಯ ಕಡೆ ಮುಖ ಮಾಡಿ ಮಲಗುವುದನ್ನು ಕಲಿತುಬಿಡುತ್ತಾರೆ. ಚಾವಡಿಯ ಹೆಸರು ಕಿವಿಗೆ ಬಿದ್ದಾಗ ಚಿಕ್ಕತಾಯಮ್ಮ ಎಡಗೈಯಿಂದ ನನ್ನ ಸೆರಗು ಹಿಡಿದುಕೊಂಡಳು. ಬಿಡಿಸಿಕೊಳ್ಳಲು ನನಗೆ ಬಹಳ ಹೊತ್ತು ಬೇಕಾಯಿತು.

ಬಾಗಿಲು ಹಿಂದಿನ ರಾತ್ರಿ ಒಳಗೆ ಮಲಗಿ ಎದ್ದವರ ಮಾತನ್ನಷ್ಟೇ ಕೇಳುತ್ತದೆ. ಹಾಗಾಗಿ ಇಪ್ಪತ್ತು ದಿನ ನಾನೇ ಅಲ್ಲಿ ಮಲಗಿ ಎದ್ದೆ. ಅಷ್ಟರಲ್ಲಿ ನನ್ನ ಗಿರಣಿ ಮುನಿಸಿಕೊಂಡಿತು, ರಾಗಿ ತಂದವರು ಮುನಿಸಿಕೊಂಡರು, ಮನೆಯಲ್ಲಿ ಗಂಡನೂ ಮುನಿಸಿಕೊಂಡ. ಬೇರೆ ಯಾರಾದರೂ ಬೇಕೇಬೇಕಾಗಿತ್ತು. ಆಗ ನನಗೆ ಕಂಡವಳು ಮಿನತಿ.

ಮಿನತಿ ಬೇರೆ ಭಾಷೆಯ ಸೀಮೆಯವಳು. ಮೂವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಇಟ್ಟಿಗೆ ಗೂಡಿನ ಕೆಲಸಕ್ಕೆ ತನ್ನ ಕಡೆಯವರ ಜೊತೆ ಬಂದಿದ್ದಳು. ಜ್ವರ ಬಂದು ಮಲಗಿದ್ದಾಗ ಅವರು ಮುಂದಿನ ಊರಿಗೆ ಹೊರಟುಹೋದರು. ಬಾಗಿಲಿಲ್ಲದ ಜಾಗ ಹುಡುಕಿಕೊಂಡು ನನ್ನ ಗಿರಣಿಯ ಜಗಲಿಗೆ ಬಂದು ಬಿದ್ದಳು. ಜ್ವರ ಬಿಟ್ಟ ಮೇಲೆ ಯಾರೂ ಹೇಳದೆಯೇ ಮೂಟೆ ಹೊರತೊಡಗಿದಳು. ನಮ್ಮ ಮಾತು ಅವಳಿಗೆ ಗೊತ್ತಿದ್ದದ್ದು ಹತ್ತೋ ಹನ್ನೆರಡೋ. ಅವುಗಳಲ್ಲಿ ಅರ್ಧ, ಗಾಡಿಯವರು ಎತ್ತುಗಳಿಗೆ ಅನ್ನುವಂಥವು.

ಬೀದಿಯ ಯಜಮಾನರು ಮರಿದೇವಯ್ಯ. ಅವರಿಗೆ ವಿಷಯ ಹೇಳಿದಾಗ ಹುಬ್ಬೇರಿಸಿದರು.

"ಅಲ್ಲಾ ಕೆಂಪಾಜಮ್ಮ, ಬಾಯಿಲ್ಲದೋಳಿಗೆ ಭಾಷೆ ಇಲ್ಲದೋಳ್ನ ಜೊತೆ ಮಾಡ್ತೀನಿ ಅಂತೀಯಲ್ಲ. ಕುಂಟನ ಹೆಗಲ ಮೇಲೆ ಕುರುಡನ್ನ ಕೂರಿಸ್ದಂಗಾಯ್ತು."

"ಕುರುಡನ ಹೆಗಲ ಮೇಲೆ ಕುಂಟನ್ನ ಕೂರಿಸ್ತಾ ಇದೀನಿ ಯಜಮಾನ್ರೇ. ಹಂಗೆ ಕೂತ್ರೆ ದಾರಿ ಸಾಗುತ್ತೆ."

ಅವರಿಗೆ ನಗು ಬಂತು, ತಡೆದುಕೊಂಡರು. "ಆಯ್ತು. ಬರೋ ಹುಣ್ಣಿಮೆ ಬೆಳಿಗ್ಗೆ ಬಂದು ನೋಡ್ತೀವಿ. ಬಾಗ್ಲು, ಬಾವಿ, ಒಲೆ, ದೀಪ, ಕಣಜ, ಐದೂ ಅವಳ ಮಾತು ಕೇಳ್ಬೇಕು. ಒಂದು ಕೇಳ್ದಿದ್ರೂ ಚಿಕ್ಕತಾಯಮ್ಮ ಚಾವಡಿಗೆ. ಆಮೇಲೆ ನನ್ನ ಅನ್ಬಾರ್ದು."

ಹುಣ್ಣಿಮೆಗೆ ಇಪ್ಪತ್ತಾರು ದಿನವಿತ್ತು.

ಮಿನತಿಯನ್ನು ನನ್ನ ಜೊತೆಗೆ ಒಳಗೆ ಕರೆದುಕೊಂಡು ಹೋಗಿ ಚಿಕ್ಕತಾಯಮ್ಮನ ಮುಂದೆ ನಿಲ್ಲಿಸಿದೆ. ಇಬ್ಬರೂ ಒಬ್ಬರನ್ನೊಬ್ಬರು ಸಂತೆಯಲ್ಲಿ ಕುಂಬಳಕಾಯಿ ನೋಡುವ ಹಾಗೆ ನೋಡಿಕೊಂಡರು. ಹೆಸರೇನು ಎಂದು ಚಿಕ್ಕತಾಯಮ್ಮ ಗಲ್ಲ ಎತ್ತಿ ಕೇಳಿದಳು. "ಮಿನತಿ" ಎಂದಳು ಇವಳು. ಎರಡು ಕೈ ಜೋಡಿಸಿ ತೋರಿಸಿ, ತಮ್ಮ ಭಾಷೆಯಲ್ಲಿ ಬೇಡಿಕೊಳ್ಳುವುದಕ್ಕೆ ಹಾಗೆನ್ನುತ್ತಾರೆ ಎಂದು ತಿಳಿಸಿದಳು. ಚಿಕ್ಕತಾಯಮ್ಮ ಪಕ್ಕದಲ್ಲಿದ್ದ ಕುಟ್ಟಾಣಿಯನ್ನು ಎಡಗೈಯಲ್ಲಿ ತೆಗೆದುಕೊಂಡು ನೆಲಕ್ಕೆ ಒಂದು ಸಲ ಕುಟ್ಟಿದಳು. ಮುಂದೆ ಅದೇ ಅವರ ಲಿಪಿಯಾಯಿತು. ಒಂದು ಕುಟ್ಟಿದರೆ ಸರಿ. ಎರಡು ಕುಟ್ಟಿದರೆ ತಪ್ಪು. ಟಣಟಣ ಕುಟ್ಟುತ್ತಲೇ ಹೋದರೆ, ನಿನ್ನ ಬಾಯಿಗೆ ಬೂದಿ ಹಾಕ.

ಕಲಿಕೆ ಹೇಗೆ ನಡೆಯಿತೆಂದರೆ, ಮಿನತಿ ರಾತ್ರಿ ಚಿಕ್ಕತಾಯಮ್ಮನ ಮನೆಯಲ್ಲೇ ಮಲಗಿ ಎದ್ದು ಬೆಳಿಗ್ಗೆ ಗಿರಣಿಗೆ ಬರುತ್ತಿದ್ದಳು. ಗಿರಣಿಗಿಂತ ದೊಡ್ಡ ಪಾಠಶಾಲೆ ಯಾವ ಊರಲ್ಲೂ ಇಲ್ಲ. ಸರದಿಯಲ್ಲಿ ನಿಂತ ಹೆಂಗಸರು ಅತ್ತೆಯ ಬಗ್ಗೆ, ಸೊಸೆಯ ಬಗ್ಗೆ, ಬೆನ್ನುನೋವಿನ ಬಗ್ಗೆ ಆಡುವ ಮಾತಿನಲ್ಲಿ ಊರಿನ ಭಾಷೆಯೆಲ್ಲ ನುಣ್ಣಗೆ ಹಿಟ್ಟಾಗಿ ಬೀಳುತ್ತಿರುತ್ತದೆ. ಅವಳು ಮೂಟೆ ಹೊರುತ್ತ ಕೇಳಿಸಿಕೊಳ್ಳುವಳು, ತುಟಿ ಅಲ್ಲಾಡಿಸುತ್ತ ಬಾಯಲ್ಲೇ ಕಟ್ಟಿಕೊಳ್ಳುವಳು. ಮಧ್ಯಾಹ್ನ ಮನೆಗೆ ಹೋಗಿ ಚಿಕ್ಕತಾಯಮ್ಮನ ಮುಂದೆ ಎಲ್ಲವನ್ನೂ ಸುರಿಯುವಳು. ಮುದುಕಿ ಅವರೆಕಾಳು ಆರಿಸುವಂತೆ ಆರಿಸುವಳು. ಇದು ಸರಿ, ಒಂದು ಕುಟ್ಟು. ಇದು ಹುಳುಕು, ಎರಡು ಕುಟ್ಟು. ಬಾಯಿಲ್ಲದ ಆಕೆ ಒಂದೇ ಒಂದು ಮಾತನ್ನೂ ಹೇಳಿಕೊಡಲಿಲ್ಲ, ಆದರೆ ಕೆಟ್ಟದ್ದೊಂದನ್ನೂ ಒಳಗೆ ಬಿಡಲಿಲ್ಲ.

ಅಡ್ಡಾದಿಡ್ಡಿಗಳು ಆಗದೆ ಇರಲಿಲ್ಲ. ಮೊದಲ ವಾರ ಮಿನತಿ ಬಾವಿಗೆ ಗಾಡಿಯವರ ಭಾಷೆ ಹಾಕಿದಳು. "ಲೇ ಬಾವಿ, ನೀರು ಕೊಡಲೇ!" ಬಾವಿ ಕೊಡವನ್ನು ತುಂಬಿ ಕಳಿಸಿತು. ನೀರಿನಿಂದಲ್ಲ, ಕಪ್ಪೆಗಳಿಂದ. ಚಿಕ್ಕತಾಯಮ್ಮ ಕೂತಲ್ಲೇ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. ಲಕ್ವ ಹೊಡೆದ ಮೇಲೆ ಆಕೆ ನಕ್ಕಿದ್ದು ಅದೇ ಮೊದಲು. ಮರುದಿನ ಗಿರಣಿಯಲ್ಲಿ ಯಾರೋ ತಮ್ಮ ತಾಯಿಯನ್ನು ಕರೆದದ್ದನ್ನು ಕೇಳಿಕೊಂಡು ಹೋಗಿ, ಇವಳು ಬಾವಿಯ ಕಟ್ಟೆಗೆ ಬಗ್ಗಿ "ಅಮ್ಮಾ, ಬಾಯಾರಿಕೆ" ಎಂದಳು. ಎರಡೇ ಮಾತು. ನೀರು ತುಂಬಿಕೊಂಡು ಬಂದ ಕೊಡದ ಬಾಯಲ್ಲಿ ಒಂದು ದಾಸವಾಳ ತೇಲುತ್ತಿತ್ತು. ನಮ್ಮ ಬಾವಿ ಯಾರಿಗೂ ಹೂ ಕೊಟ್ಟದ್ದು ನನಗೆ ಗೊತ್ತಿಲ್ಲ.

ಅವಳಿಗೆ ಕೊನೆಯವರೆಗೂ ಬಗೆಹರಿಯದಿದ್ದದ್ದು ಗಂಡು, ಹೆಣ್ಣು, ಗೌರವ. ಎಲ್ಲರೂ "ಬಂತು", ಎಲ್ಲರೂ "ಹೋಯ್ತು". ಒಂದು ದಿನ ಗಿರಣಿಯ ಬಾಗಿಲಲ್ಲಿ ನಿಂತು "ಅಕ್ಕಾ, ಯಜಮಾನ ಬಂತು! ರಾಗಿ ತಂತು!" ಎಂದು ಕೂಗಿದಳು. ಹಿಂದೆಯೇ ರಾಗಿ ಚೀಲ ಹಿಡಿದು ನಿಂತಿದ್ದ ಮರಿದೇವಯ್ಯನವರ ಮುಖ ನೋಡಬೇಕಿತ್ತು.

"ಏನವ್ವಾ ಕೆಂಪಾಜಮ್ಮ, ನಾನೇನು ಎಮ್ಮೆಯಾ?"

"ಎಮ್ಮೆ ಹಾಲಾದ್ರೂ ಕೊಡುತ್ತೆ ಯಜಮಾನ್ರೇ" ಎಂದಳು ಸರದಿಯಲ್ಲಿದ್ದ ಒಬ್ಬಳು. ಗಿರಣಿಯೆಲ್ಲ ಗೊಳ್ಳೆಂದಿತು. ಯಜಮಾನರು ಅದನ್ನು ಮರೆಯಲಿಲ್ಲ.

ಹುಣ್ಣಿಮೆ ಬಂತು. ಬೆಳಗಿನ ಬಿಸಿಲು ಜಗಲಿಗೆ ಬರುವ ಹೊತ್ತಿಗೆ ಮರಿದೇವಯ್ಯ, ಶಾಲೆಯ ಮೇಷ್ಟ್ರು, ಬೀದಿಯ ಇನ್ನೂ ನಾಲ್ಕು ಜನ ಬಂದು ಸೇರಿದರು. ಮಿನತಿ ತಲೆ ಬಾಚಿ ಹೂ ಮುಡಿದಿದ್ದಳು. ಬಾಗಿಲಿಗೆ "ತಗಿಯಪ್ಪಾ" ಎಂದಳು, ತೆರೆಯಿತು. ಬಾವಿ ನೀರು ಕೊಟ್ಟಿತು. ಒಲೆಗೆ "ಹಸಿವಾಯ್ತು, ಅಜ್ಜಿಗೆ, ಏಳು" ಎಂದಳು, ಉರಿ ಎದ್ದಿತು. ಅದರ ಮೇಲೆ ಗಂಜಿಗೆ ನೀರಿಟ್ಟಳು. ದೀಪಕ್ಕೆ ಹೇಳಿದ್ದು ನನಗೂ ಕೇಳಿಸಲಿಲ್ಲ, ಅಷ್ಟು ಮೆಲ್ಲಗೆ. ದೀಪಕ್ಕೆ ಕೇಳಿಸಿತು. ಕಣಜದ ತಳದಲ್ಲಿ ಅಂಗೈಯಗಲ ರಾಗಿ ಉಳಿದಿತ್ತು. ಅವಳು ಬಗ್ಗಿ ನೋಡಿ, ಒಂದು ಕ್ಷಣ ತಡೆದು, "ನೀವು ತುಂಬಿದೀರಿ, ಚೆನ್ನಾಗಿ ತುಂಬಿದೀರಿ" ಎಂದಳು. ಕಣಜ ಮುಚ್ಚಳ ಬಿಟ್ಟುಕೊಟ್ಟಿತು. ಕೋಣೆಯಿಂದ ಕುಟ್ಟಾಣಿ ಒಂದು ಸಲ ಕುಟ್ಟಿತು.

ಎಲ್ಲರೂ ಮತ್ತೆ ಜಗಲಿಗೆ ಬಂದೆವು. ನಾನು ಬೀಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಮರಿದೇವಯ್ಯ ಹೆಗಲ ವಲ್ಲಿ ಸರಿಮಾಡಿಕೊಂಡರು.

"ಹೇಳಿದ್ಲು, ಇಲ್ಲ ಅನ್ನಲ್ಲ. ಆದ್ರೆ ಇದು ಬಾಯಿಪಾಠ ಕಣಮ್ಮ. ಗಿಳಿಗೆ ಕಲ್ಸಿದ್ರೆ ಗಿಳೀನೂ ಹೇಳುತ್ತೆ. ಭಾಷೆ ಬರೋದು ಅಂದ್ರೆ ಇದಲ್ಲ. ನಾಳೆ ಇವಳ ಕಡೆಯೋರು ಬಂದು ಕರೆದ್ರೆ ಗಂಟು ಕಟ್ಕೊಂಡು ಹೋಯ್ತಾ ಇರ್ತಾಳೆ. ಎಲ್ಲಿಂದ್ಲೋ ಬಂದಿದ್ದು, ಎಲ್ಲಿಗೋ ಹೋಗುತ್ತೆ. ಇಂಥೋಳ್ನ ನಂಬಿ ಮುದುಕೀನ ಬಿಡಕ್ಕಾಗುತ್ತಾ?"

"ಬಂದಿದ್ದು", "ಹೋಗುತ್ತೆ" ಎಂದು ಬೇಕೆಂದೇ ಅಂದರು. ಎಮ್ಮೆಯ ಸೇಡು.

ಹೊಸ್ತಿಲ ಒಳಗೆ ನಿಂತಿದ್ದ ಮಿನತಿಯ ಮುಖ ಕೆಂಪಾಯಿತು. ಒಂದು ತಿಂಗಳ ಹಿಂದಾಗಿದ್ದರೆ ಈ ಮಾತು ಅವಳ ಮೈಮೇಲಿಂದ ಹರಿದುಹೋಗುತ್ತಿತ್ತು. ಈಗ ಅಕ್ಷರ ಅಕ್ಷರವೂ ನಾಟಿತು. ಒಂದು ಭಾಷೆ ಬರತೊಡಗಿದರೆ ಮೊದಲು ಆಗುವ ನಷ್ಟ ಇದೇ.

"ನಾನು ಗಿಳಿ ಅಲ್ಲ" ಎಂದಳು. "ನಾನು ಮೂಟೆ ಹೊರ್ತೀನಿ, ಅಜ್ಜೀನ ತೊಳೀತೀನಿ, ಮಾತು ಕಲೀತೀನಿ. ನೀವು ನನ್ನ ಎಮ್ಮೆ ಮಾಡ್ತೀರಿ. ಬೇಡ. ನಾನು ಹೋಗ್ತೀನಿ."

ಯಾರೂ ಕಲಿಸದೆ ತಾನೇ ಕಟ್ಟಿದ ಮಾತು. ಒಂದು ತಪ್ಪಿರಲಿಲ್ಲ, ಕೊನೆಯದೊಂದನ್ನು ಬಿಟ್ಟು. ಅದನ್ನು ಅವಳು ಹೊಸ್ತಿಲು ದಾಟುತ್ತ ಹೇಳಿದ್ದಳು. ಅವಳ ಹಿಮ್ಮಡಿ ಜಗಲಿಗೆ ತಾಗಿದ್ದೇ ತಡ, ಹಿಂದೆ ಬಾಗಿಲು ಮುಚ್ಚಿಕೊಂಡಿತು. ಬಡಿದುಕೊಳ್ಳಲಿಲ್ಲ, ಮೆಲ್ಲಗೆ ಮುಚ್ಚಿಕೊಂಡಿತು. ಹೇಳಿದ್ದನ್ನು ನಂಬಿದವರು ಮುಚ್ಚುವ ಹಾಗೆ.

ಮಿನತಿ ತಿರುಗಿ ನೋಡದೆ ಬೀದಿಗಿಳಿದು ನಡೆದಳು.

ಹಿಂದಿನ ರಾತ್ರಿ ಒಳಗೆ ಮಲಗಿ ಎದ್ದವರಲ್ಲಿ ಮಾತು ಬರುವವಳು ಅವಳೊಬ್ಬಳೇ. ನಮ್ಮ ಯಾರ ಮಾತನ್ನೂ ಆ ಬಾಗಿಲು ಕೇಳುವುದಿಲ್ಲ. ಒಳಗೆ ಚಿಕ್ಕತಾಯಮ್ಮ, ಎದ್ದು ನಿಲ್ಲಲಾರದವಳು. ಪಕ್ಕದಲ್ಲಿ ಒಲೆ. ಯಾರಾದರೂ ಎದುರಿಗೆ ನಿಂತು "ಸಾಕು" ಅನ್ನುವವರೆಗೆ ನಮ್ಮ ಒಲೆಗಳು ಉರಿಯುತ್ತಲೇ ಇರುತ್ತವೆ. ಗಂಜಿಯ ನೀರು ಬತ್ತುವುದಕ್ಕೆ ಎಷ್ಟು ಹೊತ್ತು? ಒಲೆಯ ಪಕ್ಕದಲ್ಲಿ ಸೌದೆಯ ರಾಶಿ ಇದ್ದದ್ದನ್ನು ಆಗತಾನೇ ನೋಡಿದ್ದೆ.

"ಕೊಡ್ಲಿ ತತ್ತೀನಿ" ಎಂದ ಒಬ್ಬ.

"ಬಾಗ್ಲು ಕಡಿದೋನಿಗೆ ಊರಲ್ಲಿ ಇನ್ಯಾವ ಬಾಗ್ಲು ತೆಗೆಯುತ್ತೋ?" ಎಂದರು ಮರಿದೇವಯ್ಯ. ತಮ್ಮ ನಾಲಗೆ ಏನು ಮಾಡಿತೆಂದು ಅವರಿಗೆ ಗೊತ್ತಾಗಿತ್ತು.

ನಾನು ಓಡಿದೆ. ನನ್ನ ಮೈ ಓಡುವ ಮೈಯಲ್ಲ. ಬೀದಿಯ ತುದಿಯ ಹುಣಸೆಮರದ ಹತ್ತಿರ ಅವಳ ರಟ್ಟೆ ಹಿಡಿದೆ.

"ಬಾಗ್ಲು ನಿನ್ನ ಮಾತು ನಂಬ್ಕೊಂಡ್ಬಿಟ್ಟಿದೆ ಕಣವ್ವಾ! ಹೋಗ್ತೀನಿ ಅಂದ್ಯಲ್ಲಾ, ಬತ್ತೀನಿ ಅನ್ನಲಿಲ್ಲ ನೀನು!"

ಅವಳು ಒಂದು ಗಳಿಗೆ ನನ್ನ ಬಾಯನ್ನೇ ನೋಡಿದಳು. ಆಮೇಲೆ "ಅಜ್ಜಿ?" ಎಂದಳು. ನಾನು ತಲೆಯಾಡಿಸಿದೆ. ಅವಳು ಹಿಂದಕ್ಕೆ ಓಡಿದ ವೇಗಕ್ಕೆ ಅವಳ ಮುಡಿಯ ಹೂ ದಾರಿಯುದ್ದಕ್ಕೂ ಉದುರಿತು.

ನಾನು ಏದುತ್ತ ಬಂದು ಸೇರುವಷ್ಟರಲ್ಲಿ ಹೆಂಚಿನ ಸಂದಿಯಿಂದ ಹೊಗೆ ಬರತೊಡಗಿತ್ತು. ಮಿನತಿ ಬಾಗಿಲ ಮುಂದೆ ನಿಂತು ತನಗೆ ಗೊತ್ತಿದ್ದ ಮಾತನ್ನೆಲ್ಲ ಹೇಳುತ್ತಿದ್ದಳು. "ತಗಿಯಪ್ಪಾ." ಇಲ್ಲ. "ಅಮ್ಮಾ, ಬಾಯಾರಿಕೆ." ಇಲ್ಲ. "ತಪ್ಪಾಯ್ತು." ಅದೂ ಇಲ್ಲ. ಮೇಷ್ಟ್ರು ಪಾಪ ಪಕ್ಕದಲ್ಲಿ ನಿಂತು ಕದ, ದ್ವಾರ, ಕವಾಟ ಎಂದು ಬಾಗಿಲಿಗೆ ಇರುವ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳಿಕೊಡುತ್ತಿದ್ದರು. ಒಳ್ಳೆಯ ಮನುಷ್ಯ, ಕಣ್ಣಲ್ಲಿ ನೀರು ಬಂದಿತ್ತು. ಆದರೆ ಯಾರಿಗೂ ಸರಿಯಾದ ಮಾತು ಗೊತ್ತಿರಲಿಲ್ಲ. ಹೇಗೆ ಗೊತ್ತಿದ್ದೀತು? ನಮ್ಮೂರಿನಲ್ಲಿ ಹುಟ್ಟಿದವರು ಯಾರೂ ಆ ತಪ್ಪು ಮಾಡುವುದಿಲ್ಲ. ಮಾಡದ ತಪ್ಪಿಗೆ ಮದ್ದು ಯಾರಲ್ಲಿರುತ್ತದೆ?

ಗೊತ್ತಿದ್ದವಳು ಒಬ್ಬಳಿದ್ದಳೇನೋ. ಅವಳು ಒಳಗಿದ್ದಳು, ಅವಳಿಗೆ ಬಾಯಿರಲಿಲ್ಲ.

ಮಿನತಿ ಹೇಳುವುದನ್ನು ನಿಲ್ಲಿಸಿದಳು. ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಹೊಸ್ತಿಲ ಮೇಲೆ ಅಂಗೈ ಇಟ್ಟಳು. ತನ್ನ ಭಾಷೆಯಲ್ಲಿ ಏನೋ ಗೊಣಗಿಕೊಂಡಳು. ಅದು ಬಾಗಿಲಿಗೆ ಅಂದದ್ದಲ್ಲ, ತನಗೆ ತಾನೇ ಅಂದುಕೊಂಡದ್ದು, ಲೆಕ್ಕ ಹಾಕುವಾಗ ನಾವು ಅಂದುಕೊಳ್ಳುವ ಹಾಗೆ. ಆಮೇಲೆ ತಲೆಯೆತ್ತಿ, ಮನೆಯವರಿಗೆ ಹೇಳುವ ದನಿಯಲ್ಲಿ, ಅಂದಳು:

"ಹೋಗಿದ್ದೆ. ಬಂದೆ."

"ಹಂಗೆ ಯಾರೂ ಅನ್ನಲ್ಲಮ್ಮ" ಎಂದರು ಮರಿದೇವಯ್ಯ ಹತಾಶರಾಗಿ.

ನಿಜ, ಯಾರೂ ಅನ್ನುವುದಿಲ್ಲ. ಮನೆಗೆ ಬಂದವರು ಬಂದೆ ಎಂದು ಬಾಗಿಲಿಗೆ ವರದಿ ಒಪ್ಪಿಸುವುದಿಲ್ಲ. ನೂರಾರು ವರ್ಷದಲ್ಲಿ ನಮ್ಮ ಯಾವ ಬಾಗಿಲೂ ಆ ಮಾತನ್ನು ಕೇಳಿರಲಾರದು. ಹೊಗೆ ದಟ್ಟವಾಗುತ್ತಿತ್ತು. ಆಗ ಒಳಗಿನಿಂದ ಕುಟ್ಟಾಣಿಯ ಸದ್ದು ಬಂತು.

ಟಣ್. ಒಂದೇ ಒಂದು.

ಬಾಗಿಲು ತೆರೆಯಿತು.

ಮಿನತಿ ಹೊಗೆಯೊಳಗೆ ನುಗ್ಗಿದಳು. "ಸಾಕು! ಸಾಕು ಕಣಪ್ಪಾ, ಉಂಡಾಯ್ತು!" ಎಂದು ಅವಳು ಒಲೆಗೆ ಕೂಗಿದ್ದು ನಮಗೆ ಕೇಳಿಸಿತು. ಸೌದೆಯ ರಾಶಿಯ ಒಂದು ಮೂಲೆ ಸುಟ್ಟಿತ್ತು, ಗಂಜಿಯ ಪಾತ್ರೆ ಕರಕಲಾಗಿತ್ತು. ಅಷ್ಟೇ. ಚಿಕ್ಕತಾಯಮ್ಮ ಹಾಸಿಗೆಯಿಂದ ಹೊರಳಿಕೊಂಡು ಬಾಗಿಲ ಕಡೆಗೆ ಎರಡು ಮಾರು ತೆವಳಿ ಬಂದಿದ್ದಳು. ಕೈಯಲ್ಲಿ ಕುಟ್ಟಾಣಿ. ಮಿನತಿ ಅವಳನ್ನು ಎತ್ತಿ ಎದೆಗಾನಿಸಿಕೊಂಡಾಗ ಮುದುಕಿ ಕುಟ್ಟಾಣಿಯಿಂದ ಅವಳ ಬೆನ್ನಿಗೆ ಟಣಟಣ ಕುಟ್ಟಿದಳು. ನಿನ್ನ ಬಾಯಿಗೆ ಬೂದಿ ಹಾಕ ಅನ್ನುವುದು ಅದೇ. ಆಮೇಲೆ ಕುಟ್ಟಾಣಿ ಬಿಟ್ಟು ಕೈ ಬೆನ್ನ ಮೇಲೇ ಇಟ್ಟಳು.

ಬಾಗಿಲು ಕೇಳಿದ್ದು ಮಿನತಿಯ ಮಾತನ್ನೋ, ಚಿಕ್ಕತಾಯಮ್ಮನ ಕುಟ್ಟನ್ನೋ ಎಂದು ಗಿರಣಿಯ ಸರದಿಯಲ್ಲಿ ಇವತ್ತಿಗೂ ಜಗಳವಾಗುತ್ತದೆ. ಬಾಗಿಲನ್ನು ಕೇಳಿದರೆ ಅದು ಹೇಳುವುದಿಲ್ಲ. ನಾನು ಮಿನತಿಯನ್ನೇ ಕೇಳಿದೆ, ಅದು ಹೇಗೆ ಹೊಳೆಯಿತೆಂದು.

"ಅರ್ಧ ಹೇಳಿದ್ದೆ ಅಕ್ಕಾ" ಎಂದಳು ಮೂಟೆ ಇಳಿಸುತ್ತ. "ಮಿಕ್ಕಿದ್ದು ಅರ್ಧ ಹೇಳ್ದೆ. ಅಷ್ಟೆ."

ಅಷ್ಟೇ ಎಂದಳು. ನನಗೆ ಐವತ್ತೆಂಟು ವರ್ಷ, ಹುಟ್ಟಿದಾಗಿನಿಂದ ಇದೇ ಭಾಷೆ ಆಡುತ್ತಿದ್ದೇನೆ. ಇದ್ದ ಮಾತನ್ನು ಇದ್ದ ಜಾಗದಲ್ಲಿ ಇಡುವುದು ನನಗೆ ಬರುತ್ತದೆ. ಇಲ್ಲದ ಮಾತೊಂದು ಬೇಕಾದಾಗ, ಹೊಗೆ ಏಳುತ್ತಿರುವ ಮನೆಯ ಮುಂದೆ ಕೂತು, ಅದನ್ನು ಮಾಡಿಕೊಳ್ಳುವುದು ಬರುತ್ತದೋ ಇಲ್ಲವೋ ಗೊತ್ತಿಲ್ಲ. ನನಗೆ ಆ ಅಗತ್ಯವೇ ಬಿದ್ದಿಲ್ಲ.

ಮರಿದೇವಯ್ಯ ಮರುದಿನ ಬೆಳಿಗ್ಗೆ ಚಿಕ್ಕತಾಯಮ್ಮನ ಜಗಲಿಗೆ ಬಂದರು. ಹೊಸ ಗಂಜಿ ಪಾತ್ರೆ ತಂದಿದ್ದರು. ಒಳಗಿದ್ದ ಮಿನತಿ ಬಗ್ಗಿ ನೋಡಿ, "ಅಜ್ಜೀ, ಯಜಮಾನ..." ಎಂದು ಅಲ್ಲಿಗೇ ನಿಲ್ಲಿಸಿದಳು. ಬಹಳ ಯೋಚಿಸಿ, "ಯಜಮಾನ್ರು ಬಂದ್ರು" ಎಂದಳು.

"ಬಂತು ಅಂದ್ರೂ ಆಯ್ತು ಬಿಡವ್ವಾ" ಎಂದರು ಅವರು, ಪಾತ್ರೆಯನ್ನು ಹೊಸ್ತಿಲ ಮೇಲಿಡುತ್ತ.

ಚಿಕ್ಕತಾಯಮ್ಮ ಆಮೇಲೆ ಮೂರು ವರ್ಷ ಬದುಕಿದಳು. ತನ್ನ ಮನೆಯಲ್ಲಿ, ತನ್ನ ಬಾಗಿಲ ಒಳಗೆ. ಮುನಿದ ವಸ್ತುಗಳಿಗೆ ಈಗ ಕರೆ ಹೋಗುವುದು ಮಿನತಿಗೆ. ಕುಟ್ಟಾಣಿ ಅವಳ ಸೊಂಟದಲ್ಲೇ ಇರುತ್ತದೆ. ನಮ್ಮ ಮಕ್ಕಳು ಸಿಟ್ಟಿನಲ್ಲಿ ಬಾಯಿತಪ್ಪಿ "ಹೋಗ್ತೀನಿ" ಅಂದುಬಿಟ್ಟರೆ ಈಗ ಯಾರೂ ಎದೆ ಬಡಿದುಕೊಳ್ಳುವುದಿಲ್ಲ. ಹೊಸ್ತಿಲ ಮೇಲೆ ಕೈಯಿಟ್ಟು "ಹೋಗಿದ್ದೆ, ಬಂದೆ" ಅನ್ನುತ್ತವೆ, ಬಾಗಿಲು ತೆರೆಯುತ್ತದೆ. ಒಳಗಿದ್ದವರು ಏನಾದರೊಂದು ತೆಗೆದುಕೊಂಡು ನೆಲಕ್ಕೆ ಒಂದು ಸಲ ಕುಟ್ಟುವುದೂ ರೂಢಿಯಾಗಿದೆ.

ನನಗೆ ಮೂಟೆ ಹೊರುವ ಗಟ್ಟಿ ಆಳೊಂದು ಹೋಯಿತು. ಊರಿಗೆ ಒಂದು ಮಾತು ಹೆಚ್ಚಾಯಿತು. ಬಳೆಗೆ ಹೇಳುವ ಅರ್ಥದಲ್ಲಿ ಅಲ್ಲ, ನಿಜವಾಗಿಯೂ ಹೆಚ್ಚಾಯಿತು.